ರಾಜನ ತಲೆಯಿಲ್ಲದ ಬಕಲ್

ಅಕ್ಟೋಬರ್ 9, ಭಾನುವಾರ

ರೈತ ಥರ್ಟಲ್‌ನ ಕೆಳಗಿನ ಹೊಲ, ಎಂಟರಿಂದ ಹನ್ನೊಂದು. ಬಾಟಲಿ ಮುಚ್ಚಳ ಹದಿನಾಲ್ಕು, ಟ್ರ್ಯಾಕ್ಟರ್ ನಟ್ಟು ಮೂರು, ಯಾವನೋ ಪುಣ್ಯಾತ್ಮನ ಫಿಲ್ಲಿಂಗ್ ಹಾಕಿಸಿದ ಹಲ್ಲು ಒಂದು. ಮಾಮೂಲು ಬೆಳೆ.

ಹೊರಡಬೇಕು ಅನ್ನುವಾಗ, ಬೇಲಿ ದಾಟುವ ಮೆಟ್ಟಿಲ ಹತ್ತಿರ, ಲೋಹ ಹುಡುಕುವ ಡಿಟೆಕ್ಟರ್ ಹಾಡಿತು. ಕಿರುಚಲಿಲ್ಲ — ಹಾಡಿತು. ಆರಂಗುಲ ಕೆಳಗೆ ಬೆಳ್ಳಿಯ ಬಕಲ್. ಬೆಲ್ಟಿನದು. ಎರಡು ಭಾಗ, ಇನ್ನೂ ಒಂದಕ್ಕೊಂದು ಕೊಂಡಿ ಹಾಕಿಕೊಂಡೇ ಇವೆ. ಮೈತುಂಬ ಬಳ್ಳಿಯ ಕೆತ್ತನೆ. ಮಂಡಿಯೂರಿ ಐದು ನಿಮಿಷ ಹಾಗೇ ಇದ್ದೆ. ಭಕ್ತಿ ಒಂದು ನಿಮಿಷ, ಮಿಕ್ಕ ನಾಲ್ಕು ಕೀಲುನೋವು.

ಊಟದ ಮೇಜಿನ ಮೇಲೆ ಗ್ಲೆಂಡಾಳ ಮುಂದಿಟ್ಟೆ. ನಲವತ್ತಮೂರು ವರ್ಷದ ಸಂಸಾರದಲ್ಲಿ ನಾನು ತಂದ ಯಾವ ತುಕ್ಕನ್ನೂ ಮುಟ್ಟದ ಹೆಂಡತಿ ಇದನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಇಟ್ಟಳು.

“ಎಲ್ಲಿ ಸಿಕ್ತು?”

“ಥರ್ಟಲ್ ಹೊಲದಲ್ಲಿ. ಮೆಟ್ಟಿಲ ಹತ್ರ.”

“ಓ.”

ಬಟ್ಟೆ ಒಣಹಾಕಲು ಹೊರಗೆ ಹೋದಳು. ಮಳೆ ಬರುತ್ತಿತ್ತು.

ಅಕ್ಟೋಬರ್ 11, ಮಂಗಳವಾರ

ಹಲ್ಲುಜ್ಜುವ ಹಳೆ ಬ್ರಷ್, ಬರೀ ನೀರು, ಭೂತಗನ್ನಡಿ. ಹಿಂಬದಿಯಲ್ಲಿ ಮುದ್ರೆಗಳು ಎದ್ದವು. ಸಿಂಹ — ಬೆಳ್ಳಿ ಅಪ್ಪಟ. ಲಂಗರು — ಪರೀಕ್ಷೆ ಆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಸಣ್ಣಕ್ಷರದ ಎಚ್ — ವರ್ಷ. ಮುದ್ರೆಗಳ ಪುಸ್ತಕ ತೆರೆದೆ. ಎಚ್ ಎಂದರೆ 1805.

1805! ಟ್ರಫಾಲ್ಗರ್ ಕದನದ ವರ್ಷ. ಒಬ್ಬ ನೌಕಾಪಡೆಯ ಲೆಫ್ಟಿನೆಂಟ್, ರಜೆಯ ಮೇಲೆ ನಾರ್ಫೋಕಿಗೆ ಬಂದವನು, ಬೇಲಿ ಹಾರುವಾಗ... ಸಂಜೆಯೊಳಗೆ ಅವನಿಗೆ ಮೀಸೆ, ಕುಂಟುಕಾಲು, ಒಬ್ಬ ಪ್ರೇಯಸಿ, ಎಲ್ಲವನ್ನೂ ಕೊಟ್ಟಾಯಿತು.

ಫೋಟೋ ಗಾಡ್‌ಫ್ರೀಗೆ ಹೋಗಿದೆ. ನಮ್ಮ ಡಿಟೆಕ್ಟರ್ ಕ್ಲಬ್ಬಿನ ದಾಖಲೆಗಾರ, ಬೇರೆಯವರ ಸಂತೋಷಕ್ಕೆ ತಿದ್ದುಪಡಿ ಸೂಚಿಸುವುದು ಅವನ ವೃತ್ತಿ. 21ರ ಶುಕ್ರವಾರ, ಹಳ್ಳಿಯ ಹಾಲ್‌ನಲ್ಲಿ ನಡೆಯುವ ‘ತಿಂಗಳ ಶೋಧ’ ಸ್ಪರ್ಧೆಗೆ ಸೇರಿಸಿಕೊಂಡ. ಅಲ್ಲಿ ಟೀ ಎಂದಿನಂತೆ ಬಕಲ್ ಡೋರಿನ್‌ಳದು. ಆ ಹೆಂಗಸು ಹಾಲ್ ನೋಡಿಕೊಳ್ಳುತ್ತಾಳೆ, ನನ್ನ ಹೆಂಡತಿ ಎದುರಾದರೆ ರಸ್ತೆ ದಾಟುತ್ತಾಳೆ. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಬಕಲ್’ ಎಂದೇ ಕರೆಯುವುದು. ಬಿಗಿ ಸ್ವಭಾವಕ್ಕೆ ಇಟ್ಟ ಹೆಸರಿರಬೇಕು.

ಗ್ಲೆಂಡಾಗೆ ಹೇಳಿದೆ.

“ಅದನ್ನ ಕ್ಲಬ್ಬಿಗೆ ತಗೊಂಡು ಹೋಗ್ಬೇಡ, ಲೆನ್.”

“ಯಾಕೆ?”

“ಹಾಗೇ.”

ಕಳೆದ ಸಲ ಅವಳು ‘ಹಾಗೇ’ ಎಂದಾಗ ಅಡುಗೆಮನೆಯ ಗೋಡೆ ಒಡೆಸಬೇಕಾಗಿ ಬಂತು.

ಅಕ್ಟೋಬರ್ 14, ಶುಕ್ರವಾರ, ಮಧ್ಯಾಹ್ನ 3

ಗಾಡ್‌ಫ್ರೀ ತನ್ನದೇ ಭೂತಗನ್ನಡಿ ಸಮೇತ ಬಂದ. ನನ್ನದರ ಮೇಲೆ ನಂಬಿಕೆಯಿಲ್ಲ.

“ರಾಜನ ತಲೆ ಎಲ್ಲಪ್ಪಾ?”

“ಯಾವ ರಾಜ?”

“ನಿನ್ನ ಲೆಫ್ಟಿನೆಂಟ್ ಕಾಲದಲ್ಲಿ ಬೆಳ್ಳಿಗೆ ತೆರಿಗೆ ಇತ್ತು. ಕಟ್ಟಿದ್ದಕ್ಕೆ ಗುರುತು ರಾಜನ ತಲೆ ಒತ್ತೋರು. ಇದರಲ್ಲಿ ಸಿಂಹ ಇದೆ, ಲಂಗರು ಇದೆ, ತಲೆ ಇಲ್ಲ. ಅಕ್ಷರಗಳು ಸರದಿ ಮೇಲೆ ವಾಪಸ್ ಬರ್ತಾವೆ ಕಣಯ್ಯಾ. ಇದು ತೆರಿಗೆ ಹೋದ್ಮೇಲಿನ ಎಚ್ಚು. 1907.”

ನೂರೆರಡು ವರ್ಷ ಒಂದೇ ಏಟಿಗೆ. ಲೆಫ್ಟಿನೆಂಟ್ ನನ್ನ ಸೋಫಾದ ಮೇಲೇ ವೀರಮರಣ ಹೊಂದಿದ.

“ಬೇಜಾರಾಗ್ಬೇಡ, ಚೆನ್ನಾಗಿದೆ. ನರ್ಸ್ ಬಕಲ್ಲು. ಪಾಸಾದಾಗ ಹಾಕ್ಕೊಳ್ಳೋರು. ಅಜ್ಜಿದು ಮೊಮ್ಮಗಳಿಗೂ ಬರೋದು. ಮಾಡಿದ್ದು ಯಾವಾಗ ಅಂತ ಮುದ್ರೆ ಹೇಳತ್ತೆ. ಕಳ್ಕೊಂಡಿದ್ದು ಯಾವಾಗ ಅಂತ ಹೇಳಲ್ಲ. ನಿನ್ನ ಹೆಂಡ್ತೀನೇ ಕೇಳು, ನರ್ಸಾಗಿದ್ರಲ್ಲ.”

ಗ್ಲೆಂಡಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಿಸ್ಕೆಟ್ ತಟ್ಟೆ. ಕೇಳುವ ಅಗತ್ಯ ಬೀಳಲಿಲ್ಲ.

ಅಕ್ಟೋಬರ್ 19, ಬುಧವಾರ

ಐದು ದಿನ ಬರೆದಿಲ್ಲ. ತಮಾಷೆ ಹೊಳೆಯಲಿಲ್ಲ.

ಅದು ಅವಳದ್ದೇ. ಅಜ್ಜಿಯಿಂದ ಬಂದದ್ದು. 1974ರಲ್ಲಿ ಆಸ್ಪತ್ರೆಯ ಬಟ್ಟೆ ಬದಲಿಸುವ ಕೋಣೆಯಿಂದ ಕಾಣೆಯಾಯಿತೆಂದು ದೂರು ಕೊಟ್ಟಿದ್ದಳು. ಆ ಹೊತ್ತಿಗೆ ಕೋಣೆ ಗುಡಿಸುತ್ತಿದ್ದವಳು ಒಬ್ಬಳೇ: ಹದಿನೆಂಟರ ಡೋರಿನ್. ಅದೇ ದಿನ ಕೆಲಸದಿಂದ ತೆಗೆದರು.

ವಾರ ಕಳೆದ ಮೇಲೆ ಗ್ಲೆಂಡಾಗೆ ನೆನಪಾಯಿತು. ದೂರಿನ ಹಿಂದಿನ ಸಂಜೆ ಬೆಲ್ಟ್ ಕಟ್ಟಿಕೊಂಡೇ ಮನೆಗೆ ಹೊರಟಿದ್ದಳು, ಆ ಮೆಟ್ಟಿಲ ಮೇಲೆ ಸೈಕಲ್ ಎತ್ತಿ ದಾಟಿಸುವಾಗ ಬಿದ್ದಿರಬೇಕು. ಮೂರು ಸಂಜೆ ಹುಡುಕಿದಳಂತೆ.

“ಆಗಲೇ ಹೇಳಬಹುದಿತ್ತಲ್ಲ.”

“ಸಿಕ್ಕಿದ ಮೇಲೆ ಹೇಳೋಣ ಅಂದ್ಕೊಂಡೆ. ಸಿಗಲಿಲ್ಲ. ಆಮೇಲೆ ಹೇಳದೆ ಇರೋದೇ ಅಭ್ಯಾಸ ಆಗೋಯ್ತು.”

ಡೋರಿನ್‌ಗೆ ಯಾವ ಆಸ್ಪತ್ರೆಯೂ, ಯಾವ ಅಂಗಡಿಯೂ ಕೆಲಸ ಕೊಡಲಿಲ್ಲ. ಹೆಸರಿಗೆ ಬಕಲ್ ಅಂಟಿಕೊಂಡಿತು. ನಲವತ್ತೆಂಟು ವರ್ಷ. ಆ ಹೆಸರು ನನ್ನ ಬಾಯಲ್ಲೂ ಬಂದಿದೆ, ಒಮ್ಮೆ ಟೀ ಲೋಟ ಚಾಚಿಕೊಂಡು ಅವಳ ಎದುರಲ್ಲೇ, ಜಾಣತನವೆಂದುಕೊಂಡು. ಅವಳು ಸಕ್ಕರೆ ಎಷ್ಟು ಎಂದು ಕೇಳಿದಳು.

ಅಕ್ಟೋಬರ್ 20, ಗುರುವಾರ

ಗಾಡ್‌ಫ್ರೀಗೆ ಫೋನ್. ಸ್ಪರ್ಧೆಯಿಂದ ತೆಗೆದುಬಿಡು ಎಂದೆ.

“ಪಟ್ಟಿ ಹಾಲ್ ಬಾಗಿಲಿಗೆ ಅಂಟಿಸಾಯ್ತಲ್ಲ ಮಾರಾಯ. ‘ಐದನೆಯದು: ಬೆಳ್ಳಿ ಬಕಲ್, ನರ್ಸ್‌ದು, 1907, ಥರ್ಟಲ್ ಹೊಲ.’ ಎಷ್ಟು ಚೆಂದ ಬರೆದಿದ್ದೀನಿ ಗೊತ್ತಾ.”

ಆ ಬಾಗಿಲ ಬೀಗ ತೆಗೆಯುವವಳು ಡೋರಿನ್.

ಗ್ಲೆಂಡಾಗೆ ಹೇಳಿದೆ — ಮತ್ತೆ ಕಳೆದುಹೋಯಿತು ಅಂದುಬಿಡೋಣವೇ? ಹೇಡಿತನಕ್ಕೆ ನನ್ನಲ್ಲಿ ಒಳ್ಳೆಯ ಸಂಗ್ರಹವಿದೆ.

“ಇನ್ನೊಂದ್ಸಲ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ, ಲೆನ್.”

ಆಲೂಗಡ್ಡೆ ಸುಲಿಯುತ್ತಿದ್ದಳು. ಇಬ್ಬರಿಗೆ ಬೇಕಾದ್ದಕ್ಕಿಂತ ಬಹಳ ಸುಲಿದಳು.

ಅಕ್ಟೋಬರ್ 21, ಶುಕ್ರವಾರ, ಸಂಜೆ 7.10

ಹಾಲ್. ಮತದ ಚೀಟಿಗಳ ಹಿಂದೆ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಗ್ಲೆಂಡಾ ಬಂದಿದ್ದಾಳೆ. ಕ್ಲಬ್ಬಿಗೆ ಮೊದಲ ಸಲ. ಕೋಟು ಬಿಚ್ಚಿಲ್ಲ. ಮೇಜಿನ ಮೇಲೆ ಎಂಟು ಶೋಧಗಳು, ಹತ್ತಿಯ ಹಾಸಿಗೆಯಲ್ಲಿ. ಏಳಕ್ಕೆ ಬರಬೇಕಾದ ಟೀ ಬಂದಿಲ್ಲ. ಅಡುಗೆಕೋಣೆಯಲ್ಲಿ ನಲ್ಲಿ ಸುರಿಯುತ್ತಲೇ ಇದೆ.

7.15

ಗ್ಲೆಂಡಾ ಎದ್ದಳು. ಹತ್ತಿಯಿಂದ ಬಕಲ್ ಎತ್ತಿಕೊಂಡಳು.

“ಇನ್ನೂ ವೋಟಿಂಗ್ ಆಗಿಲ್ಲಮ್ಮಾ,” ಎಂದ ಗಾಡ್‌ಫ್ರೀ.

“ಅದು ಸ್ಪರ್ಧೇಲಿಲ್ಲ.”

ಅಡುಗೆಕೋಣೆಗೆ ಹೋದಳು. ನಲ್ಲಿ ನಿಂತಿತು. ಗ್ಲೆಂಡಾ ಏನೋ ಅಂದಳು, ತಗ್ಗಿದ ದನಿ, ಕೇಳಿಸಲಿಲ್ಲ. ಬಾಗಿಲು ಮುಚ್ಚಲು ಹೊರಟಂತೆ ಕಿರುಗುಟ್ಟಿತು.

ಆಮೇಲೆ ಡೋರಿನ್, ಸ್ಪಷ್ಟವಾಗಿ:

“ಬಾಗಿಲು ತೆಗೆದಿರ್ಲಿ. ಅವತ್ತು ನೀನು ಎಲ್ಲರ ಮುಂದೆ ದೂರು ಹೇಳಿದ್ದೆ. ಇವತ್ತೂ ಎಲ್ಲರ ಮುಂದೇನೇ ಹೇಳು. ಮೊದಲಿಂದ.”

ಗಾಡ್‌ಫ್ರೀ ಕನ್ನಡಕ ತೆಗೆದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮು ನುಂಗಿಕೊಂಡರು. ಗ್ಲೆಂಡಾ ಬಾಗಿಲ ಚೌಕಟ್ಟಿನಲ್ಲಿ ಬಂದು ನಿಂತಿದ್ದಾಳೆ, ಒಬ್ಬಳೇ. ಬಕಲ್ ಅಂಗೈಯಲ್ಲಿದೆ. ನನ್ನ ಕಡೆ ನೋಡುತ್ತಿದ್ದಾಳೆ. ನಾನಿಲ್ಲಿ ಕೂತು ಬರೆಯುತ್ತ — ಸಾಕು, ಏಳಬೇಕು.