ಭಾವನವರ ಕಾರಂಜಿ

ಹಿತ್ತಲ ಮೆಟ್ಟಿಲು,
ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಅಮ್ಮನ ಕಾಲಿನ ಬಾವು ಇಳಿಯಿತೇ? ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ನಿನ್ನ ಬೆನ್ನು ಏನಾಗಿದೆಯೋ. ನಿನ್ನ ಮಗಳು ಪುಟ್ಟಿ ಅಲ್ಲಿ ನರ್ಸುಗಳ ಹಿಂದೆಲ್ಲ ಓಡುತ್ತಾಳಂತೆ, ಪಕ್ಕದ ಮನೆಯ ನರ್ಸಕ್ಕ ಹೇಳಿದರು. ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ಭಾವನವರ ಕುರ್ಚಿಯ ಪಕ್ಕದಲ್ಲಿ. ನನ್ನ ಬಾಯಿ ಗೊತ್ತಲ್ಲ, ಅವರು ಕೆಮ್ಮಿದರೂ ಮುಚ್ಚಿಕೊಳ್ಳುತ್ತದೆ.

ನೀನು ಬರುವುದರೊಳಗೆ ಹಿತ್ತಲಲ್ಲಿ ಮೀನಿನ ಕೊಳ ಮಾಡಿ ನಿನ್ನನ್ನು ಬೆರಗುಗೊಳಿಸಬೇಕೆಂದು ನಿನ್ನ ಯಜಮಾನರ ಆಸೆ. ಬೆರಗು ನನಗಂತೂ ಆಗಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೋಡಿ, ಟಾರ್ಪಾಲು ಹಾಸಿ, ನೀರು ತುಂಬಿ, ಒಳಗೆ ಕಾರಂಜಿಯ ಪಂಪು ಇಳಿಬಿಟ್ಟರು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಂದು ಎದುರುಮನೆಯ ಮೇಷ್ಟ್ರು ಅಂದದ್ದೇ ತಪ್ಪಾಯಿತು. "ಫ್ಯಾನಿಗೆ ರೆಕ್ಕೆ ಹಾಕಿದೋನು ನಾನು, ಇದ್ಯಾವ ಮಹಾ!" ಎಂದರು ಭಾವನವರು. ಆ ಫ್ಯಾನು ಇವತ್ತಿಗೂ ತಿರುಗುವಾಗ ಜ್ವರ ಬಂದವರ ಹಾಗೆ ನರಳುತ್ತದೆ, ಅದು ಬೇರೆ ಮಾತು. ಪಂಪಿನ ವೈರು ಗೋಡೆಯವರೆಗೆ ಎಟುಕಲಿಲ್ಲ. ಹಳೇ ಇಸ್ತ್ರಿಪೆಟ್ಟಿಗೆಯ ವೈರು ಕತ್ತರಿಸಿ ಜೋಡಿಸಿ, ಟೇಪು ಸುತ್ತಿ, ಆ ಗಂಟನ್ನು ಬಿಸ್ಕತ್ತಿನ ಡಬ್ಬಿಯೊಳಗಿಟ್ಟು ಕೊಳದ ಅಂಚಿನ ಒದ್ದೆ ಮಣ್ಣಿನಲ್ಲಿ ಹೂತರು. ನಿಧಿ ಹೂಳುವವರಿಗೂ ಅಷ್ಟು ಗಾಂಭೀರ್ಯ ಇರಲಾರದು. ಹೇಗೆ ಜೋಡಿಸಬೇಕೆಂದು ತೋರಿಸಲು ಪಂಪಿನ ಜೊತೆ ಬಂದ ಚಿತ್ರದ ಕಾಗದ ಅವರ ಕಾಫಿ ಲೋಟದ ಕೆಳಗಿತ್ತು.

ಉದ್ಘಾಟನೆಗೆ ಬೀದಿಯ ಮಂದಿಯನ್ನೆಲ್ಲ ಕರೆದರು. ಸ್ವಿಚ್ಚು ಒತ್ತಿದರು. ನೀರು ಹೆಬ್ಬೆರಳಷ್ಟು ಮೇಲೆದ್ದಿತು, ಮನೆಯ ಕರೆಂಟೆಲ್ಲ ಹೋಯಿತು. ಗೋಡೆಯ ಪೆಟ್ಟಿಗೆಯಲ್ಲಿದೆಯಲ್ಲ, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚು, ಅದು ಬಿದ್ದಿತ್ತು. ಎತ್ತಿದರೆ ಮತ್ತೆ ಬಿತ್ತು. "ಏನ್ ಸಾರ್, ಕಾರಂಜಿಗೆ ನಾಚಿಕೆಯಾ?" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಭಾವನವರ ಕಿವಿ ಕೆಂಪಾಯಿತು. "ಇದೊಂದು ಪುಕ್ಕಲು ಸ್ವಿಚ್ಚು" ಎಂದು ತೀರ್ಪು ಕೊಟ್ಟು, ಮರುದಿನ ಅದನ್ನೇ ಕಿತ್ತು ವೈರನ್ನು ನೇರವಾಗಿ ಜೋಡಿಸಿದರು. ಆ ಕೆಲಸದಲ್ಲಿ ಬುದ್ಧಿಯಿದ್ದದ್ದು ಆ ಸ್ವಿಚ್ಚೊಂದಕ್ಕೇ; ಅದನ್ನೂ ಆಚೆ ಎಸೆದಾಯಿತು.

ಆಮೇಲೆ ಕಾರಂಜಿ ಚಿಮ್ಮಿತು, ಕೊಳಕ್ಕೆ ಮೀನುಗಳೂ ಬಂದವು. ಜಾಲರಿಗೆ ಪಾಚಿ ಕಟ್ಟಿ ಕಾರಂಜಿ ನಿಂತಾಗಲೆಲ್ಲ ಪಂಪನ್ನು ವೈರು ಹಿಡಿದೇ ಮೇಲೆಳೆಯುವರು, ಬಾವಿಯಿಂದ ಕೊಡ ಸೇದುವ ಹಾಗೆ. ಸ್ವಿಚ್ಚು ಆರಿಸುವುದಿಲ್ಲ, ಕಾಲಿಗೆ ರಬ್ಬರ್ ಚಪ್ಪಲಿ ಇದೆಯಲ್ಲ, ಸಾಕಂತೆ. ಒಂದು ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಅಂಗಡಿಯವನು ಮುದಿ ಮೀನು ಕೊಟ್ಟಿದ್ದಾನೆ" ಎಂದರು. ಒಂದನ್ನು ತೆಗೆಯಲು ನೀರಿಗೆ ಬೆರಳಿಟ್ಟೆ, ಮೊಣಕೈವರೆಗೆ ಜುಮ್ಮೆಂದಿತು. ಹೇಳಿದೆ. ನಾನು ಹೇಳಿದೆ ಅಕ್ಕಾ, ನಾನೇ! "ಐದನೇ ಕ್ಲಾಸಲ್ಲಿ ಕರೆಂಟಿನ ಪಾಠಾನೂ ಇತ್ತೇನಮ್ಮಾ ನಿಂಗೆ?" ಎಂದು ನಕ್ಕರು. ಇರಲಿಲ್ಲ. ನನ್ನ ಕೈಗೆ ಪಾಠ ಬೇಕಾಗಲೂ ಇಲ್ಲ.

ಅಮ್ಮನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ಭಾವನವರು ಆರೋಗ್ಯವಾಗಿದ್ದಾರೆ. ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡ.

ನಿನ್ನ ತಂಗಿ

ಅಯ್ಯೋ, ಮುಖ್ಯವಾದದ್ದನ್ನೇ ಬರೆಯಲಿಲ್ಲ. ಬುಧವಾರ ನೀವು ಬಂದ ಕೂಡಲೇ ಪುಟ್ಟಿಯ ಕೈಯಿಂದ ಮೀನು ಮುಟ್ಟಿಸುತ್ತೇನೆ ಎಂದು ಭಾವನವರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಹೊಸ ಮೀನೂ ತಂದಿದ್ದಾರೆ. ನಾನು ಆ ಚಿತ್ರದ ಕಾಗದವನ್ನು ಲೋಟದ ಕೆಳಗಿಂದ ತೆಗೆದು ನಿಧಾನವಾಗಿ ಓದಿದೆ. ಅದರಲ್ಲಿದ್ದಂತೆ ಮೊದಲು ಗೋಡೆಯಿಂದ ಪ್ಲಗ್ಗು ಕಿತ್ತೆ, ಆಮೇಲೆ ಪ್ಲಗ್ಗಿನ ಬುಡಕ್ಕೇ ವೈರು ಕತ್ತರಿಸಿದೆ. ಪ್ಲಗ್ಗು ಅಕ್ಕಿ ಡಬ್ಬಿಯಲ್ಲಿದೆ. ಇಲಿ ಪ್ಲಗ್ಗನ್ನೇ ಹೊತ್ತುಕೊಂಡು ಹೋಗಿದೆ ಎಂದು ಭಾವನವರು ಬೋನು ಇಟ್ಟಿದ್ದಾರೆ! ನಾಳೆ ಹೊಸ ಪ್ಲಗ್ಗು ಹಾಕುತ್ತಾರಂತೆ. ಇವತ್ತೇ ಫೋನ್ ಮಾಡು. ಎಲೆಕ್ಟ್ರಿಷಿಯನ್ ಬಂದು ಎಲ್ಲ ಸರಿಮಾಡಿ, ಆ ಪುಕ್ಕಲು ಸ್ವಿಚ್ಚನ್ನು ಮತ್ತೆ ಕೂರಿಸುವವರೆಗೆ ಮಗುವನ್ನು ಕರೆತರುವುದಿಲ್ಲ ಎನ್ನು. ನಾನು ಹೇಳಿದೆನೆಂದು ಹೇಳಬೇಡ. ಅಲ್ಲಿಯವರೆಗೆ ಕತ್ತರಿ ನನ್ನ ಹತ್ತಿರವೇ ಇರುತ್ತದೆ.