ಅಪೊಲೋನಿಯಾ ಬಾಯಿಗೆ ತೋರಿಸಿದ ಭಕ್ತಿಚಿತ್ರ

ಕಾಪು, 11-2-1984, ಶನಿವಾರ

ಚರ್ಚಿನ ಪೂಜೆಗೆ ಹೋಗಿ ಬಂದೆ. ಕೋಳಿಗೆ ಮಸಾಲೆ ಅರೆಸಿದೆ. ನಾಳೆ ಬೆಳ್ಮಣ್‌ನಿಂದ ಅಪೊಲೋನಿಯಾ ಬಾಯಿ ಬರುತ್ತಾರೆ. ತಮ್ಮ ಮಗ ಇಮ್ಯಾನುಯೆಲ್‌ಗೆ ನನ್ನ ಮಗಳು ಲೊರ್ನಾ ಆಗುತ್ತಾಳೋ ಇಲ್ಲವೋ ಅವರು ಹೇಳಬೇಕು. ಹಿಂದೆಯೂ ಬಂದರು, ಉಂಡರು, ಹೋದರು. ಉತ್ತರವಿಲ್ಲ. "ಆ ಮನೆಯಲ್ಲಿ ಭಕ್ತಿ ಸ್ವಲ್ಪ ಕಡಿಮೆ" ಎಂದರಂತೆ. ನಮ್ಮ ಮನೆಯಲ್ಲಿ!

ಮಾರ್ಚಿನಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾದರೆ ಮದುವೆ ಮಾಡುವಂತಿಲ್ಲ. ಅದು ಮುಗಿಯುವಾಗ ಹುಡುಗ ಮಸ್ಕತ್‌ನಲ್ಲಿ. ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಕೂಗಬೇಕು. ನಾಳೆ ಒಪ್ಪಲೇಬೇಕು.

ಹಿರಿಯ ಅಳಿಯ ವಿಲ್ಫ್ರೆಡ್ ಕುವೈಟಿನಿಂದ ವಿಸಿಆರ್ ತಂದಿದ್ದಾನೆ. ಜೊತೆಗೆ ಫಿಲಿಪೀನ್ಸಿನ ಕ್ಯಾಸೆಟ್. ಡಬ್ಬಿಯ ಮೇಲೆ ಮರಿಯಮ್ಮನ ಮುಂದೆ ಮೊಣಕಾಲೂರಿದ ಹೆಂಗಸು.

"ಎಂತ ಪಿಚ್ಚರ್ ಇದು?"

"ನೋಡಿಲ್ಲ ಮಾಂಯ್. ಜೊತೆ ಕೆಲಸದವನು ಕೊಟ್ಟದ್ದು. ಅವರೂ ನಮ್ಮ ಹಾಗೆ ಕ್ಯಾಥೊಲಿಕರೇ."

ಸಾಕು. ನಾಳೆ ಜಪಮಾಲೆ ಮುಗಿದ ಮೇಲೆ ಅವರಿಗೆ ಇದನ್ನೇ ತೋರಿಸುವುದು.

12-2, ಭಾನುವಾರ, ಸಂಜೆ

ಮನೆಯ ಎಲ್ಲ ದೀಪ ಹಾಕಿಸಿ ಬರೆಯುತ್ತಿದ್ದೇನೆ. ಸಿಟ್ಟಿನಿಂದ.

ಶುರುವಿನಲ್ಲಿ ಚೆನ್ನಾಗಿತ್ತು. ತೆಂಗು, ಚರ್ಚು, ಮೆರವಣಿಗೆ... ನಮ್ಮ ಊರಿನ ಹಾಗೆಯೇ. ಮರಿಯಮ್ಮನ ಪ್ರತಿಮೆ ಕಂಡೊಡನೆ ನಾನು ಮೊಣಕಾಲೂರಿದೆ. ಅಪೊಲೋನಿಯಾ ಬಾಯಿಯೂ ಊರಲೇಬೇಕಾಯಿತು. ಸಿನೆಮಾದ ಹೆಂಗಸು ರೋಗಿಗಳ ತಲೆ ಮುಟ್ಟಿ ಗುಣಪಡಿಸಿದಳು.

"ಸಂತಳು" ಎಂದೆ.

"ಗೊತ್ತುಂಟು. ಇವಳ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ನಾನು ಮಾಡಿದ್ದೇನೆ."

ಎಂಥ ಸುಳ್ಳು!

ಅಷ್ಟರಲ್ಲಿ ಸಂತಳ ಕಣ್ಣು ಪೂರ್ತಿ ಬಿಳಿ. ಗಂಡು ಸ್ವರ. ಗೋಡೆಯ ಶಿಲುಬೆ ತಾನಾಗಿ ತಲೆಕೆಳಗಾಯಿತು. ಕೋಳಿಯ ಕುತ್ತಿಗೆಯನ್ನು ಹಲ್ಲಿನಿಂದಲೇ—

ಬೆಳ್ಮಣ್‌ನ ಭಕ್ತಿ ನೇರ ಊಟದ ಮೇಜಿನಡಿಗೆ. ಕಣ್ಣಾರೆ ಕಂಡೆ. ನಾನೂ ಅಲ್ಲೇ ಇದ್ದೆ. ಮೊದಲು ಹೋದದ್ದು ಯಾರೆಂದು ಬರೆಯುವ ಅಗತ್ಯವಿಲ್ಲ.

"ಜೆರ್ಟ್ರೂಡ್ ಬಾಯಿ," ಮೇಜಿನಡಿಯಲ್ಲೇ ಪಿಸುಗುಟ್ಟಿದರು, "ಯಾರಿಗೂ ಹೇಳುವುದಿಲ್ಲ ಅಲ್ವಾ?"

"ಬೀಗಿತ್ತಿಯ ಮಾತು ಹೊರಗೆ ಆಡುವವಳಲ್ಲ ನಾನು. ಹೊರಗಿನವರದಾದರೆ..."

ಟಿವಿಯಲ್ಲಿ ಯಾರೋ ಕಿರುಚಿದರು.

"ಬರುವ ಭಾನುವಾರವೇ ಹೆಸರು ಕೂಗಿಸಿ," ಎಂದರು ಅಪೊಲೋನಿಯಾ ಬಾಯಿ.

ಲೊರ್ನಾ ಟಿವಿ ಆರಿಸಿ ಬಗ್ಗಿ ನೋಡಿದಳು. "ಇಬ್ಬರೂ ಹೊರಗೆ ಬನ್ನಿ. ಕಾಫಿ ಉಂಟು."

ಸೊಸೆಯಾಗುವವಳು ಹೀಗಾ ನಗುವುದು!

19-2, ಭಾನುವಾರ, ಮಧ್ಯಾಹ್ನ

ಎರಡೂ ಚರ್ಚುಗಳಲ್ಲಿ ಹೆಸರು ಕೂಗಿದರು. ಲೊರ್ನಾಳ ಮುಖ ನೋಡಿ ನನಗೂ... ಇರಲಿ.

ಊಟವಾದೊಡನೆ ಬೀಗಿತ್ತಿ ಹಾಜರ್. ಮದುವೆ ಸೀರೆ ಆರಿಸಲಿಕ್ಕಂತೆ. ಸೀರೆಯ ಮಾತೇ ಇಲ್ಲ. "ಆ ಹೆಂಗಸಿಗೆ ಆಮೇಲೆ ಎಂತ ಆಯ್ತು ಮಾರಾಯ್ತಿ? ನನಗೆ ನಿದ್ದೆಯೇ ಇಲ್ಲ."

ಬೀಗರ ಮರ್ಯಾದೆಯ ಪ್ರಶ್ನೆ. ಕಿಟಕಿ ಮುಚ್ಚಿಸಿದೆ. ಕ್ಯಾಸೆಟ್ ಶುರುವಾಗಿದೆ. ಅಲ್ಲಿಂದ ಕರೆಯುತ್ತಿದ್ದಾರೆ... ಒಬ್ಬರೇ ಕೂರಲು ಹೆದರಿಕೆಯಂತೆ. ನನಗೇನೂ ಹೆದ—