ಕಪ್ಪು ಹಿನ್ನೆಲೆಯ ಮಾತ್ರೆ ಪಟ್ಟಿ

ವಿಭವಾ,

ನಾನು ಕೂಳೂರಿನ ಬಸ್ಸಿಗೆ ಹೊರಟೆ. ಗಂಜಿ ಕುಕ್ಕರಿನಲ್ಲಿ ಉಂಟು. ತಿಂದು ಉಪ್ಪಿನಕಾಯಿ ಭರಣಿ ಮುಚ್ಚಿಡು, ನಿನ್ನೆಯ ಹಾಗೆ ಮಾಡಬೇಡ.

ಅಮ್ಮನ ಮಾತ್ರೆಯ ಪಟ್ಟಿಯನ್ನು ನೀನು ಕಂಪ್ಯೂಟರಿನ ಆ ಮಾರ್ಕ್‌ಡೌನ್‌ನಲ್ಲಿ ಬರೆದು, ಚಿತ್ರ ಮಾಡಿ ಅವಳ ಮೊಬೈಲಿಗೆ ಹಾಕಿದ್ದೀಯಲ್ಲ, ಅದನ್ನು ಇವತ್ತೇ ಮತ್ತೊಮ್ಮೆ ಮಾಡು. ಕಪ್ಪು ಹಿನ್ನೆಲೆ ನಿನ್ನ ಕಣ್ಣಿಗೆ ಚಂದ ಮಾರಾಯ, ಅವಳಿಗೆ ಬಿಳಿಯೇ ಬೇಕು. ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದಿರಲಿ.

ಪೊರೆ ಬಂದ ಅವಳ ಕಣ್ಣಿಗೆ ಆ ಕಪ್ಪಿನಲ್ಲಿ ಒಂದಕ್ಷರವೂ ಕಾಣುವುದಿಲ್ಲವಂತೆ. ನಿನಗೆ ಬೇಜಾರಾಗ್ತದೆ ಅಂತ ಅವಳು ನಿನ್ನ ಹತ್ತಿರ ಹೇಳಲಿಲ್ಲ. ಪಕ್ಕದ ಮನೆಯ ಬಾಗಿಯಕ್ಕನಿಂದ ಓದಿಸಿ ಇಡೀ ಪಟ್ಟಿ ಬಾಯಿಪಾಠ ಮಾಡಿದ್ದಾಳೆ.

ಆದರೂ ಪ್ರತಿ ಸಲ ಮಾತ್ರೆ ನುಂಗುವ ಮೊದಲು ಮೊಬೈಲ್ ತೆರೆದು ನಿನ್ನ ಚಿತ್ರವನ್ನು ಒಮ್ಮೆ ನೋಡ್ತಾಳೆ.

ರಂಜಿನಿ ಅಕ್ಕ